ಪುಕ್ಕಟೆ ಕಾವಲುಗಾರನ 'ಲಿಂಕ್' ಗೊಬ್ಬರ

ಮುಂಗಾರು ಹದವಾಗಿ ಬಿದ್ದ ವರ್ಷ ಮಂಡ್ಯ ಜಿಲ್ಲೆಯ ಗೊಬ್ಬರದಂಗಡಿಗಳ ಮುಂದೆ ಸಾಲು ಬೆಳೆಯುತ್ತದೆ. ನಾಗಮಂಗಲದ ಖುಷ್ಕಿಯ ರಾಗಿಗೂ ಯೂರಿಯಾ ಬೇಕು, ಶ್ರೀರಂಗಪಟ್ಟಣ ಮತ್ತು ಪಾಂಡವಪುರದ ಕಾಲುವೆ ಬಯಲಿನ ಭತ್ತ, ಕಬ್ಬಿಗೂ ಬೇಕು. ಇಂಥ ಹೊತ್ತಿನಲ್ಲಿ ರೈತರ ಬಾಯಲ್ಲಿ ಕೇಳಿಬರುವ ಮಾತು 'ಲಿಂಕ್'. ಯೂರಿಯಾ ಏನೋ ಸರ್ಕಾರ ನಿಗದಿ ಮಾಡಿದ ದರಕ್ಕೇ ಸಿಗುತ್ತದೆ. ಆದರೆ ಅದರ ಜೊತೆಗೆ ತಾನು ಕೇಳದ ಇನ್ನೊಂದು ಚೀಲವನ್ನೋ, ಒಂದು ಬಾಟಲಿ ದ್ರವರೂಪದ ಗೊಬ್ಬರವನ್ನೋ ಆತ ಕೊಳ್ಳಬೇಕು. ಎಲ್ಲ ಅಂಗಡಿಗಳೂ ಹೀಗೆಂದಲ್ಲ. ಹೀಗೆ ಮಾಡಕೂಡದು ಎಂದು ಕೃಷಿ ಇಲಾಖೆ ವರ್ಷ ವರ್ಷವೂ ಎಚ್ಚರಿಸುತ್ತದೆ. ರೈತರೂ ಜಗಳವಾಡುತ್ತಾರೆ. ಕಿಸೆಯಿಂದ ದುಡ್ಡು ಹೋಗುತ್ತದಲ್ಲ, ಜಗಳವಾಡದೆ ಇರುವುದು ಹೇಗೆ?

ಇದೇ ತಾಲ್ಲೂಕುಗಳಲ್ಲಿ, ಇದೇ ಲಿಂಕ್ ವ್ಯಾಪಾರ ಇನ್ನೊಂದು ಜಾಗದಲ್ಲಿ ವರ್ಷಗಟ್ಟಲೆ ನಡೆಯಿತು. ಅಲ್ಲಿ ಯಾರೂ ಜಗಳವಾಡಲಿಲ್ಲ. ಏಕೆಂದರೆ ಅಲ್ಲಿ ಯಾರ ಕಿಸೆಯಿಂದಲೂ ಒಂದು ರೂಪಾಯಿ ಹೋಗಲಿಲ್ಲ. ಆ ಜಾಗ ಕಂಪ್ಯೂಟರ್. ಅಲ್ಲಿ ಯೂರಿಯಾದ ಜಾಗದಲ್ಲಿ ನಿಂತದ್ದು ಪುಕ್ಕಟೆಯಾಗಿ ಸಿಗುತ್ತಿದ್ದ ವೈರಸ್ ನಿರೋಧಕ ತಂತ್ರಾಂಶ, ಎಲ್ಲರ ಬಾಯಲ್ಲಿ 'ಆಂಟಿವೈರಸ್'. ಕೇಳದೆಯೂ ಜೊತೆಗೆ ಬರುತ್ತಿದ್ದ ಚೀಲದ ಹೆಸರು 'ಟೂಲ್‌ಬಾರ್'.

ಪಹಣಿಯ ಜೊತೆ ಬಂದ ಯಂತ್ರ

ಈ ಸೀಮೆಯ ಜನಸಾಮಾನ್ಯರ ಬದುಕಿಗೆ ಕಂಪ್ಯೂಟರ್ ಬಂದದ್ದು ಪಹಣಿಯ ಜೊತೆಗೆ ಎಂದರೆ ತಪ್ಪಾಗಲಾರದು. 2000ದ ಸುಮಾರಿಗೆ 'ಭೂಮಿ' ಯೋಜನೆ ತಾಲ್ಲೂಕು ಕಚೇರಿಗಳನ್ನು ಹೊಕ್ಕಿತು. ಶಾನುಭೋಗರ, ಗ್ರಾಮಲೆಕ್ಕಿಗರ ಕೈಬರಹದ ಜಾಗದಲ್ಲಿ 15 ರೂಪಾಯಿಗೆ ಅಚ್ಚಾದ ಪಹಣಿ ಸಿಗತೊಡಗಿತು. ಕಚೇರಿಯ ಎದುರು ಜೆರಾಕ್ಸ್ ಯಂತ್ರ ಇಟ್ಟುಕೊಂಡಿದ್ದವರು ಪಕ್ಕದಲ್ಲಿ ಒಂದು ಕಂಪ್ಯೂಟರನ್ನೂ ಇಟ್ಟರು. 'ನುಡಿ', 'ಬರಹ' ತಂತ್ರಾಂಶಗಳಲ್ಲಿ ಅರ್ಜಿ, ಕರಾರುಪತ್ರ, ಲಗ್ನಪತ್ರಿಕೆಗಳು ಮೂಡಿಬಂದವು. ಆಮೇಲೆ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂತು, ಸಿಇಟಿ ಬಂತು, ರೇಷನ್ ಕಾರ್ಡಿನ ಅರ್ಜಿ ಬಂತು. ಪೇಟೆಬೀದಿಯಲ್ಲಿ 'ಸೈಬರ್ ಸೆಂಟರ್' ಎಂಬ ಫಲಕ ಏಳದ ತಾಲ್ಲೂಕು ಕೇಂದ್ರವೇ ಉಳಿಯಲಿಲ್ಲ.

ಈ ಯಂತ್ರಗಳಲ್ಲಿ ಬಹಳಷ್ಟು ಬಿಡಿಭಾಗ ತಂದು ಜೋಡಿಸಿದಂಥವು. ಒಳಗಿದ್ದ ವಿಂಡೋಸ್ ಎಕ್ಸ್‌ಪಿ ಎಷ್ಟೋ ಕಡೆ ಯಾರೋ ಕೊಟ್ಟ ಸಿ.ಡಿ.ಯ ನಕಲು. ರೋಗ ಹರಡುತ್ತಿದ್ದುದು ಅಂತರ್ಜಾಲಕ್ಕಿಂತ ಹೆಚ್ಚಾಗಿ ಪೆನ್‌ಡ್ರೈವ್‌ಗಳಿಂದ. ಸ್ಟುಡಿಯೋದವರ ಮದುವೆ ಫೋಟೊ, ಮೇಷ್ಟರ ಪ್ರಶ್ನೆಪತ್ರಿಕೆ, ಸೊಸೈಟಿಯ ಲೆಕ್ಕಪತ್ರ ಎಲ್ಲವೂ ಬೆರಳುದ್ದದ ಆ ಕಡ್ಡಿಯಲ್ಲಿ ಅಂಗಡಿಯಿಂದ ಅಂಗಡಿಗೆ ತಿರುಗುತ್ತಿದ್ದವು. ಕಡ್ಡಿ ಚುಚ್ಚಿದ ಕೂಡಲೇ ಅದರೊಳಗಿನ ಕಾರ್ಯಕ್ರಮ ತಾನಾಗಿಯೇ ಓಡುವ ಏರ್ಪಾಡು ವಿಂಡೋಸ್‌ನಲ್ಲಿತ್ತು. ವೈರಸ್ ಬರೆಯುವವರಿಗೆ ಇನ್ನೇನು ಬೇಕು? ಫೋಲ್ಡರ್‌ಗಳು ಮಾಯವಾಗಿ ಅವುಗಳ ಜಾಗದಲ್ಲಿ ಪುಟ್ಟ ಬಾಣದ ಗುರುತಿನ 'ಶಾರ್ಟ್‌ಕಟ್'ಗಳು ಕೂತುಬಿಡುತ್ತಿದ್ದವು. ಮದುವೆಯ ಆಲ್ಬಮ್ಮೇ ಹೋಯಿತೆಂದು ಬೆವರಿದವರಿಗೆ ಲೆಕ್ಕವಿಲ್ಲ. ಈ ಏರ್ಪಾಡನ್ನು ಹಳೆಯ ವಿಂಡೋಸ್‌ಗಳಲ್ಲೂ ಬಂದ್ ಮಾಡುವ ಪರಿಷ್ಕರಣೆಯನ್ನು ಮೈಕ್ರೋಸಾಫ್ಟ್ ಎಲ್ಲರಿಗೂ ಕಳಿಸಿದ್ದು 2011ರ ಫೆಬ್ರುವರಿಯಲ್ಲಿ. ನಕಲು ವಿಂಡೋಸ್ ಇಟ್ಟುಕೊಂಡು, ಸಿಕ್ಕಿಬಿದ್ದೇವೆಂದು 'ಅಪ್‌ಡೇಟ್' ನಿಲ್ಲಿಸಿದ್ದವರಿಗೆ ಅದೂ ತಲುಪಲಿಲ್ಲ.

ಹಾಗಾಗಿ ಆಂಟಿವೈರಸ್ ಶೋಕಿಯಾಗಿರಲಿಲ್ಲ, ಅಕ್ಕಿ ಬೇಳೆಯಷ್ಟೇ ಅಗತ್ಯವಾಗಿತ್ತು. ಪುಟಕ್ಕೆ ಇಷ್ಟು ಎಂದು ಟೈಪು ಮಾಡಿ ಜೀವನ ಸಾಗಿಸುವವನಿಗೆ ವರ್ಷ ವರ್ಷವೂ ದುಡ್ಡು ಕೊಟ್ಟು ಅದನ್ನು ನವೀಕರಿಸುವುದು ಭಾರ. ಪುಕ್ಕಟೆ ಸಿಗುವುದಾದರೆ? ರಾತ್ರಿ 2ರಿಂದ ಬೆಳಿಗ್ಗೆ 8ರವರೆಗೆ ಎಷ್ಟು ಇಳಿಸಿಕೊಂಡರೂ ಲೆಕ್ಕಕ್ಕಿಲ್ಲ ಎಂಬ ಬ್ರಾಡ್‌ಬ್ಯಾಂಡ್ ಯೋಜನೆ ಬಿಎಸ್‌ಎನ್‌ಎಲ್‌ನಲ್ಲಿತ್ತು. ರಾತ್ರಿ ಹಚ್ಚಿಟ್ಟು ಬೆಳಿಗ್ಗೆ ಬಂದು ನೋಡಿದರೆ ಕಾವಲುಗಾರ ಹಾಜರ್!

ಪ್ರಾಗ್‌ನ ಸಹಕಾರ ಸಂಘ

ಈ ಪುಕ್ಕಟೆ ಕಾವಲುಗಾರರ ಹುಟ್ಟೂರು ದೂರದ ಮಧ್ಯ ಯೂರೋಪು. ಪಾಂಡವಪುರದವರಿಗೆ ಸಹಕಾರ ಸಕ್ಕರೆ ಕಾರ್ಖಾನೆ ಗೊತ್ತು. ಆದರೆ ಜಗತ್ಪ್ರಸಿದ್ಧ 'ಅವಾಸ್ಟ್' ಕೂಡ ಮೊದಲು ಒಂದು ಸಹಕಾರ ಸಂಘವಾಗಿತ್ತು ಎಂದರೆ ಯಾರಿಗಾದರೂ ಆಶ್ಚರ್ಯವಾದೀತು. 1988ರಲ್ಲಿ, ಇನ್ನೂ ಕಮ್ಯುನಿಸ್ಟ್ ಆಡಳಿತವಿದ್ದ ಚೆಕೊಸ್ಲೊವಾಕಿಯದ ಪ್ರಾಗ್ ನಗರದಲ್ಲಿ, ಪಾವೆಲ್ ಬೌದಿಶ್ ಮತ್ತು ಎಡುವಾರ್ಡ್ ಕುಚೆರಾ ಎಂಬ ಇಬ್ಬರು ಕಟ್ಟಿದ ಸಂಘ ಅದು. 'ವಿಯೆನ್ನಾ' ಎಂಬ ವೈರಸ್ ಬೌದಿಶ್ ಕೈಗೆ ಸಿಕ್ಕಿತು, ಅದನ್ನು ತೆಗೆಯಲು ಒಂದು ಪ್ರೋಗ್ರಾಂ ಬರೆದರು, ಅಲ್ಲಿಂದ ಎಲ್ಲ ಶುರು. ಅದೇ ದೇಶದ ಬ್ರನೋ ನಗರದಲ್ಲಿ 1991ರಲ್ಲಿ ಹುಟ್ಟಿದ ಕಂಪನಿಯದು 'ಎವಿಜಿ'. ಕೆಂಪು ಕೊಡೆಯ ಚಿಹ್ನೆಯ 'ಅವಿರಾ' ಜರ್ಮನಿಯದು.

2001ರಲ್ಲಿ ಅವಾಸ್ಟ್ ಮನೆಬಳಕೆಗೆ ಪುಕ್ಕಟೆಯಾಯಿತು. ಲೆಕ್ಕಾಚಾರ ಸರಳ. ನೂರು ಜನ ಪುಕ್ಕಟೆ ಬಳಸಲಿ, ಅದರಲ್ಲಿ ಮೂರೋ ನಾಲ್ಕೋ ಜನ ಮುಂದೆ ದುಡ್ಡು ಕೊಟ್ಟು ದೊಡ್ಡದನ್ನು ಕೊಂಡಾರು. ಅಲ್ಲದೆ ಕೋಟಿಗಟ್ಟಲೆ ಯಂತ್ರಗಳಲ್ಲಿ ಕೂತ ಕಾವಲುಗಾರ ಹೊಸ ವೈರಸ್‌ಗಳ ಸುದ್ದಿಯನ್ನು ಎಲ್ಲರಿಗಿಂತ ಮೊದಲು ತಿಳಿಸಿಯಾನು. ಇದರಲ್ಲಿ ಮೋಸವೇನೂ ಇರಲಿಲ್ಲ. ಕೆಲಸವನ್ನೂ ಅವು ಚೆನ್ನಾಗಿಯೇ ಮಾಡುತ್ತಿದ್ದವು. ಪುಕ್ಕಟೆಯವು ಇಲ್ಲದೆ ಹೋಗಿದ್ದರೆ ಕೆ.ಆರ್. ಪೇಟೆಯಂಥ ಊರುಗಳ ಎಷ್ಟು ಯಂತ್ರಗಳು ರೋಗದಲ್ಲೇ ಮುಳುಗುತ್ತಿದ್ದವೋ!

ಆದರೆ ಆ ಮೂರು ನಾಲ್ಕು ಜನರ ದುಡ್ಡು ಸಾಲದೆಂದು ಕಂಪನಿಗಳಿಗೆ ಅನ್ನಿಸತೊಡಗಿತು. ಉಳಿದ ತೊಂಬತ್ತಾರು ಜನರಿಂದಲೂ ಏನಾದರೂ ಹುಟ್ಟಬೇಕಲ್ಲ? ದಾರಿ ತೋರಿಸಿದ್ದು ಹುಡುಕು ಪೆಟ್ಟಿಗೆ.

ಅಂತರ್ಜಾಲದಲ್ಲಿ ಯಾರಾದರೂ ಏನನ್ನಾದರೂ ಹುಡುಕಿದಾಗ ಪಕ್ಕದಲ್ಲಿ ಜಾಹೀರಾತು ಬರುತ್ತದೆ. ಅದನ್ನು ಒತ್ತಿದರೆ ಹುಡುಕು ಯಂತ್ರದವರಿಗೆ ದುಡ್ಡು. ಆ ಹುಡುಕಾಟವನ್ನು ತಮ್ಮ ಕಡೆ ತಿರುಗಿಸಿಕೊಟ್ಟವರಿಗೆ ಅದರಲ್ಲಿ ಪಾಲು. ಬ್ರೌಸರ್‌ನ ನೆತ್ತಿಯ ಮೇಲೆ ಒಂದು ಪಟ್ಟಿ ಅಂಟಿಸಿ, ಅದರಲ್ಲಿ ತಮ್ಮ ಹುಡುಕು ಪೆಟ್ಟಿಗೆ ಇಟ್ಟು, ಮೊದಲ ಪುಟವನ್ನೂ ಬದಲಿಸಿಬಿಟ್ಟರೆ ಆ ಯಂತ್ರದಲ್ಲಿ ನಡೆಯುವ ಹುಡುಕಾಟವೆಲ್ಲ ತಮ್ಮದೇ. ಈ ಪಟ್ಟಿಯೇ ಟೂಲ್‌ಬಾರ್. 'ಆಸ್ಕ್', 'ಕಂಡ್ಯೂಟ್' ಮುಂತಾದ ಹೆಸರುಗಳನ್ನು ಆ ಕಾಲದ ಸೈಬರ್ ಸೆಂಟರಿನವರು ಇಂದಿಗೂ ಮರೆತಿರಲಾರರು. ಜಾವಾದಂಥ ತಂತ್ರಾಂಶಗಳ ಬೆನ್ನೇರಿಯೂ ಇವು ಬರುತ್ತಿದ್ದವು. ಆದರೆ ಆಟದ ತಂತ್ರಾಂಶವೊಂದು ಇಂಥದ್ದನ್ನು ಹೊತ್ತು ತರುವುದು ಬೇರೆ, ಮನೆ ಕಾಯುವವನೇ ಹೊತ್ತು ತರುವುದು ಬೇರೆ.

ಅವಿರಾದ ವಿಷಯವಂತೂ ಅಪ್ಪಟ ಲಿಂಕ್ ಗೊಬ್ಬರ. 2011ರಲ್ಲಿ ಅದು ಆಸ್ಕ್ ಜೊತೆ ಒಪ್ಪಂದ ಮಾಡಿಕೊಂಡಿತು. ಅಂತರ್ಜಾಲದ ಅಪಾಯಕಾರಿ ಪುಟಗಳನ್ನು ತಡೆಯುವ ಸೌಲಭ್ಯ ಅಲ್ಲಿಯವರೆಗೆ ದುಡ್ಡು ಕೊಟ್ಟವರಿಗೆ ಮಾತ್ರ ಇತ್ತು. ಇನ್ನು ಮುಂದೆ ಪುಕ್ಕಟೆಯವರಿಗೂ ಉಂಟು, ಆದರೆ ಟೂಲ್‌ಬಾರ್ ಹಾಕಿಕೊಂಡರೆ ಮಾತ್ರ! ಯೂರಿಯಾ ಬೇಕೋ, ಬಾಟಲಿಯನ್ನೂ ತಗೋ.

ಎವಿಜಿಯೂ ತನ್ನದೇ ಹೆಸರಿನ ಟೂಲ್‌ಬಾರ್ ತಂದಿತು. ಅವಾಸ್ಟ್ ಜೊತೆಗೆ ಗೂಗಲ್‌ನ 'ಕ್ರೋಮ್' ಬ್ರೌಸರ್ ಬರುತ್ತಿತ್ತು. ಕ್ರೋಮ್ ಒಳ್ಳೆಯ ಬ್ರೌಸರ್ರೇ. ಕೇಳಿದ್ದವರು ಯಾರು ಎಂಬುದಷ್ಟೇ ಪ್ರಶ್ನೆ.

'ನೆಕ್ಸ್ಟ್, ನೆಕ್ಸ್ಟ್, ಫಿನಿಶ್'

ಇದೆಲ್ಲ ನಡೆಯುತ್ತಿದ್ದುದು ಒಂದು ಸಣ್ಣ ಚೌಕದಲ್ಲಿ. ತಂತ್ರಾಂಶವನ್ನು ಹಾಕುವಾಗ ಒಂದಾದ ಮೇಲೊಂದು ಕಿಟಕಿ ತೆರೆಯುತ್ತದೆ. ಅದರಲ್ಲೊಂದರ ಕೆಳತುದಿಯಲ್ಲಿ, ಸಣ್ಣ ಅಕ್ಷರದಲ್ಲಿ, ಟೂಲ್‌ಬಾರನ್ನೂ ಹಾಕು, ಮೊದಲ ಪುಟವನ್ನೂ ಬದಲಿಸು ಎಂಬರ್ಥದ ಸಾಲು. ಅದರ ಎದುರಿನ ಚೌಕದಲ್ಲಿ ಸರಿ ಗುರುತು ಮೊದಲೇ ಬಿದ್ದಿರುತ್ತದೆ! ಬೇಡವೆನ್ನುವವನು ಅದನ್ನು ಹುಡುಕಿ, ಓದಿ, ಅಳಿಸಬೇಕು. ಕೆಲವು ಕಡೆ ಆ ಚೌಕ ಕಾಣಬೇಕಾದರೂ 'ಎಕ್ಸ್‌ಪ್ರೆಸ್' ಬಿಟ್ಟು 'ಕಸ್ಟಮ್' ಎಂಬುದನ್ನು ಒತ್ತಬೇಕಿತ್ತು. 'ಕಸ್ಟಮ್' ಎಂಬುದರ ಪಕ್ಕದಲ್ಲಿ, ಇದು ಪರಿಣತರಿಗೆ ಮಾತ್ರ ಎಂದು ಬರೆದಿರುತ್ತಿತ್ತು. ಯಾವ ಸಾಮಾನ್ಯ ಮನುಷ್ಯ ಅದನ್ನು ಮುಟ್ಟಿಯಾನು?

ಸಾಲುಗಳೆಲ್ಲ ಇಂಗ್ಲಿಷಿನಲ್ಲಿ. ನಮ್ಮ ತಾಲ್ಲೂಕು ಕೇಂದ್ರಗಳಲ್ಲಿ ಕಂಪ್ಯೂಟರ್ ಕಲಿತವರಲ್ಲಿ ಬಹುಮಂದಿ ಕನ್ನಡ ಮಾಧ್ಯಮದವರು. ಅವರು ಕಲಿತ ಪಾಠ 'ನೆಕ್ಸ್ಟ್, ನೆಕ್ಸ್ಟ್, ಫಿನಿಶ್'. ಕಲಿಸಿದವರೂ ಹಾಗೇ ಕಲಿಸಿದ್ದರು. ಪ್ರತಿ ಕಿಟಕಿಯನ್ನೂ ನಿಂತು ಓದಿದರೆ ಗಿರಾಕಿ ಎದ್ದು ಹೋಗುತ್ತಾನೆ. ಇಂಗ್ಲಿಷ್ ಚೆನ್ನಾಗಿ ಬಲ್ಲ ಲಂಡನ್ನಿನವನೂ ಓದುತ್ತಿರಲಿಲ್ಲ ಎಂಬುದು ನಿಜ. ಆದರೆ ಅವನಿಗೆ ಓದುವ ಅವಕಾಶವಾದರೂ ಇತ್ತು. ಕಿಕ್ಕೇರಿಯಿಂದಲೋ ಬೆಳ್ಳೂರಿನಿಂದಲೋ ಬಂದ ಹುಡುಗನ ಮೌನವನ್ನು ಒಪ್ಪಿಗೆ ಎಂದು ಲೆಕ್ಕ ಹಾಕಿದ್ದು ಯಾವ ನ್ಯಾಯ?

ಪರಿಣಾಮವನ್ನು ಉಂಡವರು ಸರ್ವಿಸ್ ಅಂಗಡಿಯವರು. 512 ಎಂ.ಬಿ. ಮೆಮೊರಿಯ ಯಂತ್ರ ಮೊದಲೇ ಏದುಸಿರು ಬಿಡುತ್ತಿತ್ತು, ಅದರ ಮೇಲೆ ಎರಡು ಮೂರು ಪಟ್ಟಿಗಳ ಹೊರೆ. "ಅಣ್ಣಾ, ನೆಟ್ ಓಪನ್ ಮಾಡುದ್ರೆ ಗೂಗಲ್ ಬತ್ತಾನೇ ಇಲ್ಲ, ಬೇರೆ ಇನ್ನೇನೋ ಬತ್ತದೆ" ಎಂಬ ದೂರು ಆ ದಿನಗಳಲ್ಲಿ ಮಾಮೂಲು. ಕಂಟ್ರೋಲ್ ಪ್ಯಾನೆಲ್‌ನಲ್ಲಿ ಒಂದನ್ನು ಕಿತ್ತರೆ ಮೊದಲ ಪುಟ ಹಾಗೇ ಉಳಿಯುತ್ತಿತ್ತು. ಮೊದಲ ಪುಟ ಸರಿಮಾಡಿದರೆ ಹುಡುಕು ಪೆಟ್ಟಿಗೆ ಉಳಿಯುತ್ತಿತ್ತು. ಎಲ್ಲವನ್ನೂ ಕಿತ್ತು ಕಳಿಸಿದರೂ ಮುಂದಿನ ಪರಿಷ್ಕರಣೆಯ ಹೊತ್ತಿಗೆ ಅದೇ ಚೌಕ, ಅದೇ ಸರಿ ಗುರುತು. ಕರಿಯ ಕಳೆಯನ್ನು ಕಿತ್ತಷ್ಟೂ ಚಿಗುರುವ ಗರಿಕೆಯಂತೆ ಅದು. ಇದಕ್ಕೆ ಅಂಗಡಿಯವನು ದುಡ್ಡು ಕೇಳಿದರೆ, ಹೋದ ತಿಂಗಳು ಆಂಟಿವೈರಸ್ ಹಾಕಿದವನು ನೀನೇ ಅಲ್ಲವೇ ಎಂಬ ತಿರುಗುಬಾಣ! ಪ್ರಾಗ್‌ನಲ್ಲೋ ಜರ್ಮನಿಯಲ್ಲೋ ಕೂತವರ ಲೆಕ್ಕಕ್ಕೆ ನಾಗಮಂಗಲದ ಅಂಗಡಿಯವನ ಮಾನ ಹೋಯಿತು.

ಇನ್ನೊಂದು ವಿನೋದವೂ ಇದೆ. ಇಂಥ ಪಟ್ಟಿಗಳಿಗೆ ಆಂಟಿವೈರಸ್ ಕಂಪನಿಗಳವರೇ ಒಂದು ಸಭ್ಯ ಹೆಸರಿಟ್ಟಿದ್ದರು: 'ಬೇಡವಾಗಿರಬಹುದಾದ ತಂತ್ರಾಂಶ'. ಬೇರೆಯವರು ತಂದ ಪಟ್ಟಿಗಳನ್ನು ಹುಡುಕಿ ಕೀಳುವ ಸಲಕರಣೆಯನ್ನು ಅವಾಸ್ಟ್ 2013ರಲ್ಲಿ ತನ್ನ ಪೊಟ್ಟಣದೊಳಗೇ ಕೊಟ್ಟಿತು. 2015ರ ಜೂನ್‌ನಲ್ಲಿ ಮೈಕ್ರೋಸಾಫ್ಟ್ ಆಸ್ಕ್ ಟೂಲ್‌ಬಾರ್‌ನ ಹಳೆಯ ಆವೃತ್ತಿಗಳನ್ನು ಬೇಡದ ತಂತ್ರಾಂಶಗಳ ಪಟ್ಟಿಗೆ ಸೇರಿಸಿತು. ಅಲ್ಲಿಗೆ ಒಬ್ಬ ಕಾವಲುಗಾರ ಕರೆತಂದಿದ್ದವನನ್ನು ಇನ್ನೊಬ್ಬ ಕಾವಲುಗಾರ ಕಳ್ಳನೆಂದು ಹಿಡಿದ ಹಾಗಾಯಿತು.

ನೀರುಬಾಗಿಲ ಕಥೆ

ಶ್ರೀರಂಗಪಟ್ಟಣದ ಗೈಡುಗಳು ಪ್ರವಾಸಿಗಳಿಗೆ ತಪ್ಪದೆ ಹೇಳುವ ಕಥೆಯೊಂದಿದೆ. 1799ರ ಮೇ 4ರಂದು ಇಂಗ್ಲಿಷರ ಫಿರಂಗಿ ಕೋಟೆಗೋಡೆ ಒಡೆದ ಕಡೆ ಕಾವಲಿದ್ದ ಸಿಪಾಯಿಗಳನ್ನು, ಸಂಬಳ ಬಟವಾಡೆಯ ನೆಪದಲ್ಲಿ ಮೀರ್ ಸಾದಿಕ್ ಆಚೆಗೆ ಕರೆಸಿಕೊಂಡನಂತೆ. ಚರಿತ್ರಕಾರರು ಇದನ್ನು ಎಷ್ಟರಮಟ್ಟಿಗೆ ಒಪ್ಪುತ್ತಾರೆ ಎಂಬುದು ಬೇರೆ ಮಾತು. ಇನ್ನೂರು ವರ್ಷ ಕಳೆದರೂ ಊರು ಮರೆಯದೆ ಉಳಿಸಿಕೊಂಡಿರುವುದು ದಾಳಿ ಮಾಡಿದವನ ಮೇಲಿನ ಸಿಟ್ಟನ್ನಲ್ಲ, ಒಳಗಿದ್ದವನ ಮೇಲಿನ ಸಿಟ್ಟನ್ನು.

ಕಂಪ್ಯೂಟರಿನ ಕಾವಲುಗಾರನ ಕಥೆಯೂ ಟೂಲ್‌ಬಾರ್‌ಗೇ ನಿಲ್ಲಲಿಲ್ಲ. ಎವಿಜಿ 2015ರ ಅಕ್ಟೋಬರ್‌ನಿಂದ ಜಾರಿಗೆ ತಂದ ಹೊಸ ನಿಯಮಾವಳಿಯಲ್ಲಿ, ಪುಕ್ಕಟೆ ಬಳಕೆದಾರರು ಯಾವ ಪುಟ ನೋಡಿದರು, ಏನು ಹುಡುಕಿದರು ಎಂಬ ವಿವರವನ್ನು ಹೆಸರು ತೆಗೆದು ಆದಾಯಕ್ಕೆ ಬಳಸಬಹುದೆಂದು ಬಾಯಿಬಿಟ್ಟು ಬರೆದುಕೊಂಡಿತು. ಅದೇ ಡಿಸೆಂಬರ್‌ನಲ್ಲಿ ಗೂಗಲ್‌ನ ಭದ್ರತಾ ತಜ್ಞ ಟಾವಿಸ್ ಆರ್ಮಂಡಿ ಇನ್ನೊಂದನ್ನು ಬಯಲಿಗೆಳೆದರು. ಎವಿಜಿ ಜೊತೆಗೆ ಕ್ರೋಮ್ ಬ್ರೌಸರ್‌ಗೆ ಸೇರಿಕೊಳ್ಳುತ್ತಿದ್ದ 'ವೆಬ್ ಟ್ಯೂನ್‌ಅಪ್' ಎಂಬ ಬಾಲಂಗೋಚಿಯಲ್ಲಿ ದೊಡ್ಡ ಬಿರುಕಿತ್ತು. ಸುಮಾರು 90 ಲಕ್ಷ ಜನರ ಬ್ರೌಸರ್ ಮಾಹಿತಿ ಯಾವುದೇ ಪರಪುಟದ ಕೈಗೆ ಸಿಗುವಂತಿತ್ತು. ಕ್ರೋಮ್‌ಗೆ ಇದ್ದ ರಕ್ಷಣೆಯನ್ನು ರಕ್ಷಣೆಯ ಹೆಸರಿನಲ್ಲೇ ಸಡಿಲಿಸಿದಂತಾಗಿತ್ತು. ಕಂಪನಿ ಬಿರುಕನ್ನು ಮುಚ್ಚಿತು. 2016ರಲ್ಲಿ ಅವಾಸ್ಟ್ ಸುಮಾರು 130 ಕೋಟಿ ಡಾಲರ್ ಕೊಟ್ಟು ಎವಿಜಿಯನ್ನೇ ಕೊಂಡಿತು.

ಅವಾಸ್ಟ್‌ನದು ಇನ್ನೂ ದೊಡ್ಡ ಕಥೆ. 'ಜಂಪ್‌ಶಾಟ್' ಎಂಬ ಅದರ ಅಂಗಸಂಸ್ಥೆ 2014ರಿಂದಲೂ ಬಳಕೆದಾರರ ಜಾಲ ಸಂಚಾರದ ವಿವರವನ್ನು ನೂರಕ್ಕೂ ಹೆಚ್ಚು ಕಂಪನಿಗಳಿಗೆ ಮಾರುತ್ತಿತ್ತು. 10 ಕೋಟಿ ಸಾಧನಗಳ ಮಾಹಿತಿ ತನ್ನಲ್ಲಿದೆ ಎಂದು ಅದು ಹೇಳಿಕೊಂಡಿತ್ತು. 2020ರ ಜನವರಿಯಲ್ಲಿ 'ಮದರ್‌ಬೋರ್ಡ್' ಮತ್ತು 'ಪಿಸಿ ಮ್ಯಾಗ್' ಪತ್ರಿಕೆಗಳು ಜೊತೆಯಾಗಿ ಇದನ್ನು ಬಯಲು ಮಾಡಿದವು. ಕೆಲವೇ ದಿನಗಳಲ್ಲಿ, ಆ ತಿಂಗಳ 30ರಂದು, ಜಂಪ್‌ಶಾಟ್‌ಗೆ ಬೀಗ ಬಿತ್ತು. ಹೆಸರು ತೆಗೆದಿದ್ದೇವೆ ಎಂಬ ಸಮಾಧಾನ ಹೆಚ್ಚು ಹೊತ್ತು ನಿಲ್ಲಲಿಲ್ಲ. ಒಂದು ಯಂತ್ರಕ್ಕೆ ಒಂದು ಗುರುತು ಸಂಖ್ಯೆ, ಆ ಯಂತ್ರ ಯಾವ ಕ್ಷಣ ಯಾವ ಅಂಗಡಿಯಲ್ಲಿ ಏನು ಕೊಂಡಿತು ಎಂಬ ವಿವರ ಇದ್ದರೆ, ಅಂಗಡಿಯವನು ತನ್ನ ಲೆಕ್ಕದ ಪಕ್ಕ ಅದನ್ನಿಟ್ಟು ಮನುಷ್ಯನನ್ನೇ ಹಿಡಿಯಬಹುದು.

ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2024ರ ಫೆಬ್ರುವರಿಯಲ್ಲಿ ಅವಾಸ್ಟ್ 1 ಕೋಟಿ 65 ಲಕ್ಷ ಡಾಲರ್ ತೆರಬೇಕೆಂದಿತು, ಜಾಹೀರಾತಿಗಾಗಿ ಇಂಥ ಮಾಹಿತಿ ಮಾರುವುದನ್ನು ನಿಷೇಧಿಸಿತು. ಜನರ ಧರ್ಮ, ಆರೋಗ್ಯ, ರಾಜಕೀಯ ಒಲವು, ಹಣಕಾಸಿನ ಸ್ಥಿತಿಯನ್ನು ಊಹಿಸಬಲ್ಲ ವಿವರಗಳೂ ಅದರಲ್ಲಿದ್ದವು ಎಂಬುದು ಕಮಿಷನ್ನಿನ ಆರೋಪ. ನಿಮ್ಮ ಬೆನ್ನು ಹತ್ತುವವರನ್ನು ತಡೆಯುತ್ತೇವೆ ಎಂದು ಜಾಹೀರಾತು ಕೊಟ್ಟವರೇ ಬೆನ್ನು ಹತ್ತಿದ್ದರು ಎಂಬುದು ಅದರ ಸಾರಾಂಶ. ಅದೇ ವರ್ಷ ಚೆಕ್ ದೇಶದ ಮಾಹಿತಿ ರಕ್ಷಣಾ ಕಚೇರಿಯೂ 35 ಕೋಟಿ 10 ಲಕ್ಷ ಕೊರುನಾ ದಂಡ ಹಾಕಿತು.

ಪುಕ್ಕಟೆಯದು ಮಾತ್ರ ಹೀಗೆ, ದುಡ್ಡು ಕೊಟ್ಟರೆ ಕ್ಷೇಮ ಎನ್ನೋಣವೇ? ಪುಣೆಯಲ್ಲಿ ಕ್ಯಾಲ್ಕುಲೇಟರ್ ರಿಪೇರಿಯಿಂದ ಶುರುಮಾಡಿದ ಕೈಲಾಶ್ ಕಾಟ್ಕರ್ ಸೋದರರ 'ಕ್ವಿಕ್ ಹೀಲ್', ಚೆನ್ನೈನ 'ಕೆ7' ಕಂಪನಿಗಳು ದುಡ್ಡಿಗೇ ಮಾರಿ ಬೆಳೆದವು. ಕೊಟ್ಟ ದುಡ್ಡಿಗೆ ಏನು ಸಿಕ್ಕಿತು ಎಂಬುದು ಅಲ್ಲಿ ಸ್ಪಷ್ಟ. ಆದರೆ ದುಡ್ಡಿಗೇ ಮಾರುವ ಅಮೆರಿಕದ 'ನಾರ್ಟನ್' 2021ರಲ್ಲಿ ಗಿರಾಕಿಗಳ ಕಂಪ್ಯೂಟರಿನಲ್ಲಿ ಕ್ರಿಪ್ಟೊ ನಾಣ್ಯ ಹುಟ್ಟಿಸುವ ಸಲಕರಣೆಯನ್ನು ಜೊತೆಗೆ ಸೇರಿಸಿತು. ಗಿರಾಕಿಯೇ ಒತ್ತಿ ಚಾಲೂ ಮಾಡಬೇಕಿತ್ತು ಎಂಬುದು ನಿಜ. ಚಾಲೂ ಮಾಡಿದರೆ ಕರೆಂಟ್ ಬಿಲ್ಲು ಮನೆಯವನದು, ಗಳಿಕೆಯಲ್ಲಿ ಶೇ 15 ನಾರ್ಟನ್‌ದು! ಗುತ್ತಿಗೆ ಗದ್ದೆಗಿಂತ ಇದು ಸಲೀಸು.

ಈಗ ನಾರ್ಟನ್, ಅವಾಸ್ಟ್, ಎವಿಜಿ, ಅವಿರಾ ನಾಲ್ಕೂ ಒಂದೇ ಮನೆಯವು. 2022ರಲ್ಲಿ ಅವೆಲ್ಲ ಸೇರಿದ ಆ ಮನೆಯ ಹೆಸರು 'ಜೆನ್'.

ಹೋದದ್ದು ಯಾವುದು?

ಟೂಲ್‌ಬಾರ್‌ಗಳ ಕಾಲ ಮುಗಿದಿದೆ. ಬ್ರೌಸರ್‌ಗಳು ಅವನ್ನು ಒಳಗೆ ಬಿಡುವುದಿಲ್ಲ. 2009ರಲ್ಲಿ ಮೈಕ್ರೋಸಾಫ್ಟ್ ತಾನೇ ಪುಕ್ಕಟೆ ಆಂಟಿವೈರಸ್ ಕೊಟ್ಟಿತು, 2012ರ ವಿಂಡೋಸ್ 8ರಿಂದ 'ಡಿಫೆಂಡರ್' ಒಳಗೇ ಬಂತು. ಕೆಲವರಿಗೆ ಇದು ದೊಡ್ಡ ಕಂಪನಿಯ ದಬ್ಬಾಳಿಕೆಯಾಗಿ ಕಂಡಿದ್ದರೂ ತಾಲ್ಲೂಕಿನ ಅಂಗಡಿಗಳಿಗೆ ನೆಮ್ಮದಿಯೇ ಆಯಿತು.

ಉಳಿದದ್ದು ಅನುಮಾನ. 'ಆಂಟಿವೈರಸ್ಸೇ ದೊಡ್ಡ ವೈರಸ್' ಎಂಬ ಮಾತು ಆ ವರ್ಷಗಳಲ್ಲಿ ಗಾದೆಯಂತೆ ಹಬ್ಬಿತು. ಪರದೆಯ ಮೂಲೆಯಿಂದ ಏಳುವ ಪ್ರತಿ ಎಚ್ಚರಿಕೆಯೂ ಕೊನೆಗೆ ಏನನ್ನೋ ಮಾರುವ ಉಪಾಯವೇ ಎಂದು ಜನ ತೀರ್ಮಾನಿಸಿದರು. 'ನಿಮ್ಮ ಕಂಪ್ಯೂಟರ್ ಅಪಾಯದಲ್ಲಿದೆ' ಎಂದು ಕೆಂಪಕ್ಷರದಲ್ಲಿ ಕೂಗಿ ದುಡ್ಡು ಕೀಳುವ ಸುಳ್ಳು ಆಂಟಿವೈರಸ್‌ಗಳೂ ಆಗ ಇದ್ದವು. 2008ರ ಡಿಸೆಂಬರ್‌ನಲ್ಲಿ ಅಮೆರಿಕದ ಅದೇ ಕಮಿಷನ್ ಅಂಥದ್ದೊಂದು ಜಾಲವನ್ನು ಕೋರ್ಟಿಗೆಳೆದಿತ್ತು, ಮೋಸಹೋದವರು ಹತ್ತು ಲಕ್ಷಕ್ಕೂ ಹೆಚ್ಚು ಎಂದಿತ್ತು. ನಿಜವಾದದ್ದೂ ಅದೇ ಕೆಂಪಕ್ಷರದಲ್ಲಿ 'ದೊಡ್ಡ ಪ್ಯಾಕ್ ಕೊಳ್ಳಿ' ಎಂದು ಕೂಗತೊಡಗಿದಾಗ ಎರಡಕ್ಕೂ ವ್ಯತ್ಯಾಸ ಹೇಗೆ ತಿಳಿಯಬೇಕು? ತೋಳ ಬಂತು ತೋಳ ಎಂದು ಕೂಗಿದ ಕುರಿಗಾಹಿ ಹುಡುಗನ ಕಥೆಯಲ್ಲಿ ಕೊನೆಗೆ ತೋಳ ಬಂದೇ ಬರುತ್ತದಲ್ಲ.

ಆ ತೋಳ ಈಗ ಮೊಬೈಲಿನಲ್ಲಿ ಬರುತ್ತಿದೆ. ವಾಟ್ಸ್‌ಆ್ಯಪ್‌ನಲ್ಲಿ ಮದುವೆಯ ಕರೆಯೋಲೆಯ ಹೆಸರಿನಲ್ಲೋ, ಟ್ರಾಫಿಕ್ ದಂಡದ, ಪಿ.ಎಂ. ಕಿಸಾನ್ ಹಣದ ಹೆಸರಿನಲ್ಲೋ ಒಂದು 'ಎಪಿಕೆ' ಕಡತ ಬಂದು ಕೂರುತ್ತದೆ. ಒತ್ತಿದರೆ ಫೋನು ಎಚ್ಚರಿಸುತ್ತದೆ: ಇದು ಗೊತ್ತಿಲ್ಲದ ಮೂಲದ್ದು, ಹಾಕಿಕೊಳ್ಳಬೇಕೇ? ಈ ಎಚ್ಚರಿಕೆ ನಿಜವಾದದ್ದು. ಆದರೆ 'ನೆಕ್ಸ್ಟ್, ನೆಕ್ಸ್ಟ್' ಎಂದು ಪಳಗಿದ ಬೆರಳು ನಿಲ್ಲುವುದಿಲ್ಲ, ಬ್ಯಾಂಕ್ ಖಾತೆ ಬರಿದಾಗುತ್ತದೆ. ಎಲ್ಲ ಹೊಣೆಯನ್ನೂ ಹಳೆಯ ಟೂಲ್‌ಬಾರ್‌ಗಳ ತಲೆಗೆ ಕಟ್ಟುವುದು ಸರಿಯಲ್ಲ. ಆದರೂ ಓದದೆ ಒತ್ತುವ ಅಭ್ಯಾಸವನ್ನು ಹತ್ತು ವರ್ಷ ಶ್ರದ್ಧೆಯಿಂದ ಕಲಿಸಿದವರಲ್ಲಿ ಕಾವಲುಗಾರರೂ ಇದ್ದರು.

ಕಾನೂನು ತಡವಾಗಿಯಾದರೂ ಆ ಚೌಕದ ಕಡೆ ತಿರುಗಿ ನೋಡಿದೆ. ಮೊದಲೇ ಹಾಕಿಟ್ಟ ಸರಿ ಗುರುತು ಒಪ್ಪಿಗೆಯಲ್ಲ ಎಂದು ಯೂರೋಪಿನ ನ್ಯಾಯಾಲಯ 2019ರ ಅಕ್ಟೋಬರ್ 1ರಂದು ತೀರ್ಪು ಕೊಟ್ಟಿತು. ನಮ್ಮಲ್ಲಿ 2023ರ ನವೆಂಬರ್‌ನಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಇಂಥ 13 ಬಗೆಯ ವಂಚಕ ವಿನ್ಯಾಸಗಳನ್ನು ಪಟ್ಟಿಮಾಡಿ ನಿಷೇಧಿಸಿತು. ಬೇಕಾದ ಒಂದಕ್ಕಾಗಿ ಬೇಡದ ಇನ್ನೊಂದನ್ನು ಬಲವಂತವಾಗಿ ಹೇರುವುದೂ ಅದರಲ್ಲಿದೆ. ಅಂದರೆ ಲಿಂಕ್ ಗೊಬ್ಬರಕ್ಕೆ ಅಲ್ಲೂ ಒಂದು ಹೆಸರು ಸಿಕ್ಕಿತು. ಅದೇ ವರ್ಷ ಸಂಸತ್ತು ಅಂಗೀಕರಿಸಿದ ವೈಯಕ್ತಿಕ ಡಿಜಿಟಲ್ ಮಾಹಿತಿ ರಕ್ಷಣಾ ಕಾಯ್ದೆ ಇನ್ನೊಂದು ಹೆಜ್ಜೆ ಮುಂದೆ ಹೋಗಿದೆ. ಮಾಹಿತಿ ಪಡೆಯುವ ಮುನ್ನ ಕೇಳುವ ಒಪ್ಪಿಗೆ ಸ್ಪಷ್ಟವಾಗಿರಬೇಕು, ಮನುಷ್ಯ ತಾನಾಗಿ ಕೊಟ್ಟದ್ದಾಗಿರಬೇಕು. ಅದನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೇ ಪರಿಚ್ಛೇದದ ಯಾವುದೇ ಭಾಷೆಯಲ್ಲಿ ಓದುವ ಅವಕಾಶ ಕೊಡಬೇಕು. ಆ 22 ಭಾಷೆಗಳಲ್ಲಿ ಕನ್ನಡವೂ ಇದೆ. ಕೆ.ಆರ್. ಪೇಟೆಯ ಗಿರಾಕಿ 'ನನಗೆ ಕನ್ನಡದಲ್ಲಿ ತೋರಿಸಿ' ಎಂದು ಕೇಳಬಹುದಾದ ದಾರಿ ಕಾಗದದ ಮೇಲಂತೂ ತೆರೆದಿದೆ.

ಈ ನಡುವೆ 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲು ಬೆಂಬಲ ಮುಗಿಯಿತು. ಹೊಸ ವಿಂಡೋಸ್ ಹೊರಲಾರದ ಹಳೆಯ ಯಂತ್ರಗಳು ತಾಲ್ಲೂಕು ಕೇಂದ್ರಗಳ ಜೆರಾಕ್ಸ್ ಅಂಗಡಿಗಳಲ್ಲಿ ಇನ್ನೂ ಪಹಣಿ ಅಚ್ಚು ಹಾಕುತ್ತಿವೆ. ಆ ಯಂತ್ರಗಳಲ್ಲೂ ಡಿಫೆಂಡರ್‌ಗೆ ಬೇಕಾದ ವೈರಸ್ ವಿವರಗಳನ್ನು 2028ರ ಅಕ್ಟೋಬರ್‌ವರೆಗೆ ಕಳಿಸುತ್ತೇವೆ ಎಂದು ಮೈಕ್ರೋಸಾಫ್ಟ್ ಹೇಳಿದೆ. ಅದಕ್ಕೆ ಬೇರೆ ಏನನ್ನೂ ಇಳಿಸಿಕೊಳ್ಳಬೇಕಾಗಿಲ್ಲ.